ತಾರಿನ್ಯಾಗ ನನ್ನ ಕಳಸ್ತೀರೇನ್ರಿ?

ಟೆಲಿಫೋನಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಂಜೆ ಹೊತ್ತು ಆಗಾಗ ನಮ್ಮ ಮನೆಗೆ ಬರುತ್ತಾರೆ. ನಿವೃತ್ತನಾದ ಮೇಲೆ ಸೇಡಂನಲ್ಲಿ ನಾನು ಹಿಡಿದ ಮನೆ ಅವರ ಎಕ್ಸ್‌ಚೇಂಜಿಗೆ ಹತ್ತಿರ. ನನ್ನ ಹೆಂಡತಿ ಮಾಡುವ ಚಹಾ ಅವರ ಹೋಟೆಲಿನ ಚಹಾಕ್ಕಿಂತ ಎಷ್ಟೋ ಮೇಲು. ಚಹಾ ಬೇಕಾದರೆ ಮುದುಕನ ಮಾತೂ ಕೇಳಬೇಕಾಗುತ್ತದೆ ಎಂದು ಅವರಿಗೆ ಗೊತ್ತು, ಪಾಪ, ಕೇಳುತ್ತಾರೆ. ಮೊನ್ನೆ ಅವರಲ್ಲಿ ಸುನೀತಾ ಎಂಬ ಚುರುಕು ಹುಡುಗಿ ಕೇಳಿದಳು.

"ಅಜ್ಜಾರ, ಮಾತು ಹೋಗ್ಲಕತ್ತದ, ಫೋಟೋ ಹೋಗ್ಲಕತ್ತದ. ಮುಂದೊಂದಿನ ಮನಷ್ಯಾನೂ ಹಿಂಗೇ ಹೋಗ್ತಾನಂತ. ಇಲ್ಲಿ ಮಾಯ ಆಗೂದು, ಅಲ್ಲಿ ಎದ್ದು ನಿಲ್ಲೂದು. ಟೆಲಿಪೋರ್ಟೇಶನ್ ಅಂತಾರ. ಖರೇನೇ ಆಗ್ತದೇನ್ರಿ?"

ನನಗೆ ನಗು ಬಂತು. ಈ ಪ್ರಶ್ನೆಯನ್ನು ಅವಳು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ತಂದಿದ್ದಳು. ಅವಳು ಹುಟ್ಟುವ ಮೊದಲೇ, ಚಿತ್ತಾಪುರದ ಅಂಚೆ ಕಚೇರಿಯ ಜಾಳಿಗೆಯ ಆಚೆ ನಿಂತು, ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ಇದನ್ನೇ ನನಗೆ ಕೇಳಿದ್ದಳು. ಅವಳಿಗೆ ಅದು ವಿಜ್ಞಾನದ ಚರ್ಚೆಯಾಗಿರಲಿಲ್ಲ, ತುರ್ತಾಗಿ ಆಗಬೇಕಾದ ಕೆಲಸವಾಗಿತ್ತು. ಆ ಕತೆಯನ್ನು ಬಾಯಲ್ಲಿ ಹೇಳಿದರೆ ನಡುವೆ ನನ್ನ ಹೆಂಡತಿ ತಿದ್ದುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ.

ನಾನು ಚಿಂಚೋಳಿ ತಾಲೂಕಿನ ಐನಾಪುರದವನು. ನಮ್ಮ ಕಡೆ ಹೈದರಾಬಾದ್ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದು ಕೆಲವೇ ವರ್ಷಗಳಾಗಿದ್ದವು. ತಾರಿನ ಕೆಲಸ, ಅಂದರೆ ಟೆಲಿಗ್ರಾಂ ಕಳಿಸುವ ಕೆಲಸ, ಸಿಕ್ಕಿತೆಂದು ಹೇಳಿದಾಗ ಅಪ್ಪ ಎತ್ತಿನ ಮೈ ತಿಕ್ಕುತ್ತಿದ್ದವರು ಕೈ ನಿಲ್ಲಿಸದೆ, "ತಾರಿನ ಕೆಲಸಾ ಅಂದ್ರ ದಿನಾ ಬೆಳಗಾದ್ರ ಸಾವಿನ ಸುದ್ದಿ ಹೇಳೂದು. ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನು?" ಎಂದಿದ್ದರು. ಜನರ ತಲೆಯಲ್ಲಿ ತಾರು ಎಂದರೆ ಸಾವು. ಇದನ್ನು ಕೇಳಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಎಷ್ಟು ಕೂಸು ಹುಟ್ಟಿದ ಸುದ್ದಿ, ಎಷ್ಟು ನಿಶ್ಚಿತಾರ್ಥ, ಎಷ್ಟು ನೌಕರಿಯ ಆರ್ಡರು ಈ ಬೆರಳಿನಿಂದ ದಾಟಿವೆ! ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೆಲಸ ಕಲಿತದ್ದು ಶಹಾಬಾದಿನಲ್ಲಿ, ಗಫೂರ್ ಸಾಹೇಬರ ಕೈಕೆಳಗೆ. ಹಿರಿಯ ಸಿಗ್ನಲರ್. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು, ಕನ್ನಡ ಬಾಯಿತುಂಬ ಆಡುತ್ತಿದ್ದರು, ಇಂಗ್ಲಿಷ್ ಮಾತ್ರ ತಾರಿನ ಇಂಗ್ಲಿಷ್. ಪದಕ್ಕಿಷ್ಟು ಎಂದು ದರ ಬೀಳುವ ಭಾಷೆಯಲ್ಲಿ ಜೀವಮಾನ ಕಳೆದದ್ದರಿಂದ ಮನೆಯಲ್ಲೂ ಅವರು ಹೆಚ್ಚಿನ ಪದ ಖರ್ಚು ಮಾಡುತ್ತಿರಲಿಲ್ಲವಂತೆ. ಬೇಗಂ ಸಾಹೇಬರು ನನ್ನೊಡನೆ ದೂರುತ್ತಿದ್ದರು.

ಈಗಿನವರಿಗೆ ಆ ಯಂತ್ರ ಗೊತ್ತಿರಲಿಕ್ಕಿಲ್ಲ. ಈ ಕಡೆ ಒತ್ತುವ ಒಂದು ಕೀಲಿ, ಆ ಕಡೆ ಬಡಿಯುವ ಒಂದು ಹಿತ್ತಾಳೆಯ ಸಣ್ಣ ಸುತ್ತಿಗೆ. ಅದಕ್ಕೆ ಸೌಂಡರ್ ಎನ್ನುತ್ತಿದ್ದೆವು. ಸದ್ದು ಚೆನ್ನಾಗಿ ಕೇಳಲೆಂದು ಅದರ ಹಿಂದೆ ಸಿಗರೇಟಿನ ಖಾಲಿ ಡಬ್ಬಿಯೊಂದನ್ನು ಸಿಕ್ಕಿಸಿರುತ್ತಿದ್ದೆವು. ಸಣ್ಣ ಹೊಡೆತ ಕಟ್, ಉದ್ದ ಹೊಡೆತ ಕಡ. ಈ ಕಟ್ ಕಡಗಳನ್ನು ಕಿವಿಯಿಂದ ಹಿಡಿದು ಅಕ್ಷರ ಮಾಡಿ ಬರೆದುಕೊಳ್ಳಬೇಕು. ನನ್ನ ಕಟ್ ಸ್ವಲ್ಪ ಉದ್ದವಾಗುತ್ತಿತ್ತು. "ಶರಣೂ, ನಿನ್ನ ಕಟ್ಟಿಗಿ ಬಾಲ ಅದ," ಎಂದು ಸಾಹೇಬರು ಬೆರಳಿನ ಗೆಣ್ಣಿನ ಮೇಲೆ ಸೀಸಕಡ್ಡಿಯಿಂದ ಹೊಡೆಯುತ್ತಿದ್ದರು.

ಅವರು ಕಲಿಸಿದ ಮೊದಲ ಪಾಠ ಕಟ್ ಕಡ ಅಲ್ಲ. "ತಾರಿನ್ಯಾಗ ಏನು ಹೋಗ್ತದ?" ಎಂದು ಕೇಳಿದರು. ಅಕ್ಷರ ಎಂದೆ.

"ಅಕ್ಷರ ಎಲ್ಲಿ ಹ್ವಾದ್ವೋ? ಫಾರಂ ನಿನ್ನ ಮುಂದೇ ಬಿದ್ದದ ನೋಡು. ಒಂದು ಚುಕ್ಕಿ ಸೈತ ಕದಲಿಲ್ಲ. ಹೋಗೂದು ಬರೇ ಹೇಳಿಕಿ. ಅಲ್ಲಿದ್ದಾಂವ ತನ್ನದೇ ಕಾಗದಾ, ತನ್ನದೇ ಸೀಸಕಡ್ಡಿ ತೊಗೊಂಡು ಹೊಸಾದೊಂದು ಬರೀತಾನ. ಜನಾ ಅದಕ್ಕ ತಾರು ಬಂತು ಅಂತಾರ. ಬಂದಿದ್ದೇನೂ ಇಲ್ಲ. ಅಲ್ಲೇ ಹುಟ್ಟಿದ್ದು ಅದು."

ಇಲ್ಲಿಯ ಮೂಲ ಫಾರಮನ್ನು ನಾವು ಉದ್ದನೆಯ ಮೊಳೆಗೆ ಚುಚ್ಚಿ ಇಡುತ್ತಿದ್ದೆವು. ಕೆಲವು ತಿಂಗಳು ಕಳೆದ ಮೇಲೆ ಕಟ್ಟು ಕಟ್ಟಿ ಸುಡುತ್ತಿದ್ದೆವು. ಹಬ್ಬದ ಶುಭಾಶಯದ ತಾರು ಇನ್ನೂ ಮಜಾ. ಇಂಥ ಶುಭಾಶಯಕ್ಕೆ ಇಂಥ ನಂಬರು ಎಂದು ಪಟ್ಟಿ ಇತ್ತು. ನಾವು ನಂಬರು ಮಾತ್ರ ಬಡಿದರೆ ಆ ಕಡೆಯವನು ಹೂಬಳ್ಳಿಯ ಚಿತ್ರವಿದ್ದ ಕಾಗದದ ಮೇಲೆ ಇಡೀ ವಾಕ್ಯ ಬರೆದು ಕೊಡುತ್ತಿದ್ದ. ಹೂವೂ ಅಲ್ಲಿಯದೇ, ವಾಕ್ಯವೂ ಅಲ್ಲಿಯದೇ, ಹೋದದ್ದು ಒಂದು ಅಂಕಿ. ಪಡೆದವರು ಮಾತ್ರ ಆ ಕಾಗದವನ್ನು ಮಗನೇ ಕೈಯಾರೆ ಬರೆದನೆಂಬಂತೆ ಎದೆಗೆ ಒತ್ತಿಕೊಳ್ಳುತ್ತಿದ್ದರು. ನನಗೆ ಅವರನ್ನು ತಿದ್ದುವ ಮನಸ್ಸು ಎಂದೂ ಆಗಲಿಲ್ಲ.

ಹಾಗೆಂದು ಮನುಷ್ಯ ತಂತಿಯಲ್ಲಿ ಒಂಚೂರೂ ಹೋಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಬಡಿಯುವವನ ಕೈ ಹೋಗುತ್ತಿತ್ತು. ಒಬ್ಬೊಬ್ಬರ ಕಟ್ ಕಡಕ್ಕೆ ಒಂದೊಂದು ನಡಿಗೆ. ಸೇಡಂನಲ್ಲಿ ವೆಂಕಟರೆಡ್ಡಿ ಎಂಬವರಿದ್ದರು, ತೆಲುಗು ಮನೆಮಾತಿನವರು. ಅವರ ಕೈ ಗಜಗಾಂಭೀರ್ಯದ್ದು. ಅವರಿಗೆ ಜ್ವರ ಬಂದರೆ ನನಗೆ ನನ್ನ ಸೌಂಡರಿನಲ್ಲೇ ತಿಳಿಯುತ್ತಿತ್ತು. ಮಗಳ ಮದುವೆ ಗೊತ್ತಾದ ದಿನ ಅವರ ಕಟ್‌ಗಳು ಹಾರಿ ಹಾರಿ ಬಂದದ್ದನ್ನು ನಾನೇ ಕೇಳಿದ್ದೇನೆ. ವರ್ಷಗಟ್ಟಲೆ ಮುಖ ನೋಡದೆ ಸ್ನೇಹ ಬೆಳೆಸಿ, ಕೊನೆಗೊಮ್ಮೆ ವಾಡಿ ಜಂಕ್ಷನ್ನಿನಲ್ಲಿ ಭೇಟಿಯಾದಾಗ ನಾನು ಆರಡಿ ಆಳನ್ನು ಹುಡುಕುತ್ತಿದ್ದೆ. ನನ್ನ ಭುಜಕ್ಕೂ ಬಾರದ ಒಬ್ಬರು ಬಂದು ತೋಳು ಹಿಡಿದರು. ಅವರೂ ನನ್ನನ್ನು ನೋಡಿ ಪೆಚ್ಚಾದರು. ತಾನು ತಿಳಿದಿದ್ದ ಶರಣಪ್ಪನಿಗೆ ಮೀಸೆ ಇತ್ತು ಎಂದರು! ಮುಂದೆ ಟೆಲಿಪ್ರಿಂಟರ್ ಬಂತು. ಯಾರು ಒತ್ತಿದರೂ ಅದೇ ಅಕ್ಷರ, ಅದೇ ಅಚ್ಚು. ತಪ್ಪು ಕಡಿಮೆಯಾಯಿತು, ಕೆಲಸ ಬೇಗ ಮುಗಿಯಿತು, ವೆಂಕಟರೆಡ್ಡಿಯವರಿಗೆ ಜ್ವರ ಬಂದದ್ದು ಮಾತ್ರ ನನಗೆ ತಿಳಿಯದಾಯಿತು.

ಇನ್ನು ಮಲ್ಲಮ್ಮನ ವಿಷಯ.

ಶಹಾಬಾದಿನಿಂದ ನನ್ನನ್ನು ಚಿತ್ತಾಪುರಕ್ಕೆ ಹಾಕಿದ್ದರು. ಗಫೂರ್ ಸಾಹೇಬರು ಬೇರೊಂದು ದೊಡ್ಡ ಆಫೀಸಿಗೆ ವರ್ಗವಾಗಿದ್ದರು. ಆ ಆಫೀಸಿನ ಹೆಸರು ಇಲ್ಲಿ ಬೇಡ. ಚಿತ್ತಾಪುರದ ತಾರುಗಳೆಲ್ಲ ಅವರ ಕಿವಿ ದಾಟಿಯೇ ಮುಂಬಯಿಯ ಕಡೆ ಹೋಗುತ್ತಿದ್ದವು. ಮಲ್ಲಮ್ಮ ಕಾಗಿಣಾ ದಂಡೆಯ ಒಂದು ಹಳ್ಳಿಯವಳು. ಹೊಳೆಯನ್ನೇ ನೆಚ್ಚಿ ಬದುಕಿದ ಮನೆತನ, ಆಮೇಲೆ ಒಂದಿಷ್ಟು ಹೊಲ, ಎಮ್ಮೆ. ಗಂಡ ಭೀಮಶಾ ಮುಂಬಯಿಯ ಬಂದರಿನಲ್ಲಿ ಮೂಟೆ ಹೊರುವ ಹಮಾಲಿ. ತಾರಿನ ಮನಿಯಾರ್ಡರ್ ಕಳಿಸುತ್ತಿದ್ದ. ಸಂತೆಯ ದಿನ ಬಂದು ಅವಳು ಒಯ್ಯುತ್ತಿದ್ದಳು. ಒಂದು ದಿನ ರೊಕ್ಕ ಸೆರಗಿಗೆ ಕಟ್ಟಿಕೊಂಡವಳು ಹೋಗದೆ ಜಾಳಿಗೆಯ ಹತ್ತಿರವೇ ನಿಂತಳು.

"ತಾರ್ ಮಾಸ್ತರ್ರ, ಈ ರೊಕ್ಕ ತಾರಿನ್ಯಾಗ ಬರ್ತದಂತ ಪೋಸ್ಟಿನ ಅಣ್ಣ ಹೇಳ್ಯಾನ. ಖರೇನ್ರಿ?"

"ಖರೇ ತಂಗಿ."

"ಹಂಗಂದ್ರ ನನ್ನೂ ಕಳಸ್ರಲ್ಲ ಅಲ್ಲಿಗಿ. ಭಾಳ ದಿನಾ ಬ್ಯಾಡ. ಮುಖಾ ನೋಡಿ ಬರ್ತೀನಿ. ಸಂಜಿಗಿ ಎಮ್ಮಿ ಹಿಂಡೂದದ."

ನಾನು ನಗಲಿಲ್ಲ. ಅವಳ ಮುಖ ನೋಡಿದರೆ ನಗುವ ಹಾಗಿರಲಿಲ್ಲ. ಗಫೂರ್ ಸಾಹೇಬರ ಪಾಠವನ್ನೇ ನನಗೆ ತಿಳಿದಂತೆ ಹೇಳಿದೆ. "ಅಂವ ಕೊಟ್ಟ ರೊಕ್ಕ ಬೊಂಬೈದಾಗೇ ಉಳೀತದ ತಂಗಿ. ಇಷ್ಟು ಕೊಡ್ರಿ ಅಂತ ಹೇಳಿಕಿ ಅಷ್ಟೇ ಬರ್ತದ. ನಾ ಕೊಡೂದು ನನ್ನ ಡ್ರಾವರಿನ ನೋಟು."

ಅವಳು ಸ್ವಲ್ಪ ಯೋಚಿಸಿದಳು. "ಅಂದ್ರ ನನ್ನ ಕಳಸಬೇಕಂದ್ರ ಅಲ್ಲಿ ಡ್ರಾವರಿನ್ಯಾಗ ಇನ್ನೊಬ್ಬ ಮಲ್ಲಮ್ಮ ಇರಬೇಕಾತು."

"ಹೌದು. ಅಕಿಗಿ ನಿನ್ನಂಗೇ ಮೂಗು ಕಣ್ಣು ತಿದ್ದಿ ಕಳಸಬೇಕು."

"ನಾ ಇಲ್ಲೇ ಉಳೀತೀನಿ?"

"ಇಲ್ಲೇ ಉಳೀತಿ."

ಅವಳ ಮುಖ ಅರಳಿತು. "ಇದು ಭಾಳ ಚಲೋ ಆತಲ್ರಿ! ಅತ್ತಿ, ಎಮ್ಮಿ ನೋಡಕೋತ ನಾ ಇಲ್ಲಿ ಇರ್ತೀನಿ. ಅವಗ ರೊಟ್ಟಿ ಬಡದು ಹಾಕಲಿಕ್ಕ ಅಕಿ ಅಲ್ಲಿ ಇರ್ತಾಳ."

ದೊಡ್ಡ ದೊಡ್ಡ ಪಂಡಿತರು ಒಬ್ಬ ಮನುಷ್ಯ ಇಬ್ಬರಾದರೆ ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಾರಂತೆ. ಇವಳು ಇಬ್ಬರಿಗೂ ಕೆಲಸ ಹಂಚಿ ಮುಗಿಸಿದ್ದಳು. ಮೆಟ್ಟಿಲು ಇಳಿದು ಹೋದಳು. ನಾನು ಮುಂದಿನವರ ಫಾರಂ ತೆಗೆದುಕೊಳ್ಳುವಷ್ಟರಲ್ಲಿ ಮತ್ತೆ ಬಂದಳು.

"ಬ್ಯಾಡ ಬಿಡ್ರಿ ಮಾಸ್ತರ್ರ. ಅಕಿ ಅವನ ಮುಖಾ ನೋಡಿದ್ರ ನನಗೇನು ಬಂತು? ನಾನೇ ನೋಡಬೇಕು."

ಇಷ್ಟು ಹೇಳಿ ಹೊರಟುಹೋದಳು. ಆ ದಿನ ಇಡೀ ನನ್ನ ಕೈ ಕೆಲಸಕ್ಕೆ ಹತ್ತಲಿಲ್ಲ. ಆಗ ನನ್ನ ಮದುವೆಯಾಗಿ ಆರೇಳು ತಿಂಗಳಾಗಿತ್ತು, ಹೆಂಡತಿ ತವರಿನಲ್ಲಿದ್ದಳು.

ಆ ಮಳೆಗಾಲ ಕಳೆಯುತ್ತಿದ್ದ ಹಾಗೆ ಮನಿಯಾರ್ಡರ್ ನಿಂತಿತು. ಬದಲಿಗೆ ತಿಂಗಳಿಗೊಮ್ಮೆ ಒಂದು ತಾರು ಮಾತ್ರ ಬರತೊಡಗಿತು. "ಆಲ್ ವೆಲ್ ಡೋಂಟ್ ವರಿ." ಪ್ರತಿ ಸಲವೂ ಅದೇ. ನಾನು ಓದಿ ಹೇಳುತ್ತಿದ್ದೆ, "ಚಂದ ಇದೀನಿ, ಫಿಕರ್ ಮಾಡಬ್ಯಾಡ ಅಂದಾನ." ಮೊದಲ ಸಲ ಅವಳು ತಲೆಯಾಡಿಸಿದಳು. ಎರಡನೆಯ ಸಲ ಸುಮ್ಮನೆ ಕೇಳಿದಳು. ಆಮೇಲೆ ಒಂದು ದಿನ ಆ ಗುಲಾಬಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು.

"ಚಂದ ಇದ್ದಾಂವ ಬಿಟ್ಟೂಬಿಡದೆ ಚಂದ ಇದೀನಿ ಅಂತ ಯಾಕ ಹೇಳ್ತಾನ್ರಿ? ಕಾಗದಾ ಯಾಕ ಬರೆಸಂಗಿಲ್ಲ? ಈ ಎರಡು ಮಾತಿನ್ಯಾಗ ಅಂವ ಕೆಮ್ಮಿದ್ದು ಕೇಳಂಗಿಲ್ಲ, ಸೊರಗಿದ್ದು ಕಾಣಂಗಿಲ್ಲ."

ಭೀಮಶಾನ ಅಣ್ಣನ ಹೆಸರು ಮಲ್ಲಣ್ಣ. ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನು ಮಾಡಿದವನು. ಭೀಮಶಾ ಅವನೆದುರು ತಲೆ ಎತ್ತಿ ಮಾತಾಡಿದವನಲ್ಲ. ಒಮ್ಮೆ ಮುಂಬಯಿಗೆ ಹೋಗಿ ನೋಡಿ ಬಾ ಎಂದು ಮಲ್ಲಮ್ಮ ಅವನ ಕಾಲಿಗೆ ಬಿದ್ದಳು. ಚೆನ್ನಾಗಿದ್ದೇನೆ ಎಂದು ತಾನೇ ಹೇಳುತ್ತಿದ್ದಾನಲ್ಲ, ಇನ್ನೇನು ನೋಡುವುದು ಎಂದು ಅವನು ಬಿತ್ತನೆಯ ಕೆಲಸ ಹಿಡಿದ. ಕೆಟ್ಟವನೇನಲ್ಲ. ಸರಕಾರದ ಕಾಗದದಲ್ಲಿ ಬಂದ ಮಾತು ಸುಳ್ಳಾಗುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಒಂದು ಮುಂಜಾನೆ ಮಲ್ಲಮ್ಮ ಇಳಕಲ್ಲ ಸೀರೆ ಉಟ್ಟು, ಬಟ್ಟೆಯ ಗಂಟು, ರೊಟ್ಟಿಯ ಬುತ್ತಿ ಹಿಡಿದು ಕೌಂಟರಿಗೆ ಬಂದಳು. "ತಾರಿನ್ಯಾಗ ಆಗಂಗಿಲ್ಲ ಅಂದ್ರಿ. ರೇಲಿನ್ಯಾಗ ಹೊಂಟೀನಿ. ಅವಗ ಒಂದು ತಾರು ಹೊಡೀರಿ, ಸ್ಟೇಶನ್ನಿಗಿ ಬರ್ಲಿ." ಅವಳು ಅಲ್ಲಿಯವರೆಗೆ ವಾಡಿಯಿಂದ ಆಚೆಗೆ ಕಾಲಿಟ್ಟವಳಲ್ಲ. ನಾನು ಬೇಡ ಎನ್ನಲು ಬಾಯಿ ತೆರೆದೆ. ಅವಳು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿ ಫಾರಂ ಎಳೆದುಕೊಂಡೆ. "ಮಲ್ಲಮ್ಮ ಅರೈವಿಂಗ್ ಟುಮಾರೋ ಮೇಲ್ ಮೀಟ್ ಸ್ಟೇಷನ್" ಎಂದು ಬರೆದು, ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕೆಂದು ಅವಳಿಗೆ ಬಾಯಿಪಾಠ ಮಾಡಿಸಿ, ಅವಳ ಎದುರಿಗೇ ಬಡಿದೆ. ಸುತ್ತಿಗೆಯ ಸದ್ದು ನಿಂತ ಮೇಲೆ ಅವಳು ಕೇಳಿದಳು, "ನನ್ನ ಹೆಸರು ಮುಟ್ಟಿತೇನ್ರಿ?" ಮುಟ್ಟಿತು ಎಂದೆ. ಕೈಮುಗಿದು ಹೋದಳು.

ಅಲ್ಲಿಂದ ಸುದ್ದಿ ಇಲ್ಲ. ಮೊದಲ ದಿನ ಸರಿ. ಆಮೇಲೂ ಇಲ್ಲ. ಮಲ್ಲಣ್ಣ ಬಂದು ಜಾಳಿಗೆ ಹಿಡಿದು ನಿಂತ. ಬಿತ್ತನೆ ಬಿಟ್ಟು ಬಂದಿದ್ದ. "ಮಾಸ್ತರ್ರ, ಅಕಿ ಮುಟ್ಟಿದ್ದು ಸುದ್ದಿ ಇಲ್ಲ. ಅವ್ವ ಊಟಾ ಬಿಟ್ಟಾಳ," ಎಂದ. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ನಾನು ಕೀಲಿ ಹಿಡಿದು ಗಫೂರ್ ಸಾಹೇಬರನ್ನು ಕರೆದೆ. ಚಿತ್ತಾಪುರದಿಂದ ಮುಂಬಯಿಗೆ ಹೋದ ಇಂಥ ತಾರು ದಾಟಿಸಿದಿರಾ, ಹೇಗೆ ದಾಟಿಸಿದಿರಿ ಎಂದು ಕೇಳಿದೆ. ಉತ್ತರ ತಡವಿಲ್ಲದೆ ಬಂತು. ಅವರದು ತಾರಿನ ಇಂಗ್ಲಿಷ್, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ದಾಟಿಸೀನಿ. ಮಲ್ಲಣ್ಣ ಅರೈವಿಂಗ್. ನಿನ್ನ ಕಟ್ಟಿಗಿ ಇನ್ನೂ ಬಾಲ ಅದ. ಮಲ್ಲಮ್ಮ ಅಂತ ಬಡದಿದ್ದಿ. ತಿದ್ದೀನಿ."

ಎಮ್ ಎಂದರೆ ಎರಡು ಕಡ. ಎನ್ ಎಂದರೆ ಒಂದು ಕಡ, ಒಂದು ಕಟ್. ಮಲ್ಲಮ್ಮ ಎಂಬುದರ ನಡುವಿನ ಎರಡು ಎಮ್‌ಗಳನ್ನು ಅವರು ನನ್ನ ಉದ್ದ ಕಟ್‌ನ ದೋಷವೆಂದು ತಿಳಿದು ಎನ್ ಮಾಡಿದ್ದರು. ಕೇಳಿಸಿಕೊಂಡದ್ದು ತಪ್ಪಲ್ಲ, ಆ ಕಿವಿ ತಪ್ಪುವ ಕಿವಿಯಲ್ಲ. ಮುಂಬಯಿಯವನೋ ಮದರಾಸಿನವನೋ ಕುಳಿತಿದ್ದರೆ ಎರಡೂ ಹೆಸರಿನ ಅರ್ಥ ತಿಳಿಯದೆ, ಕೇಳಿದ ಹಾಗೆ ಬರೆದು ದಾಟಿಸುತ್ತಿದ್ದ. ನಮ್ಮವರೇ ಆದದ್ದರಿಂದ ಸಾಹೇಬರಿಗೆ ಅರ್ಥವಾಯಿತು, ಅರ್ಥವಾದದ್ದರಿಂದ ತಿದ್ದಿದರು. ಅನುಮಾನ ಬಂದ ಪದವನ್ನು ಮತ್ತೊಮ್ಮೆ ಹೇಳಿಸಿಕೊಳ್ಳಬೇಕೆಂಬುದು ನಮ್ಮ ಪದ್ಧತಿ. ಅವರಿಗೆ ಅನುಮಾನವೇ ಬಂದಿರಲಿಲ್ಲ.

"ಅದು ಮಲ್ಲಮ್ಮನೇ ರೀ," ಎಂದು ಬಡಿದೆ.

"ನಮ್ಮ ಕಡೀ ಹೆಣ್ಣಮಗಳು ಒಬ್ಬಾಕಿ ಬೊಂಬೈಗಿ ಹೋಗ್ತಾಳೇನೋ?"

"ಹೋಗ್ಯಾಳ್ರಿ."

ಸುತ್ತಿಗೆ ಅಲುಗಿತು. ಯಾ ಅಲ್ಲಾ, ಎಂದು ಬಡಿಯುತ್ತಿದ್ದರು. ಅಷ್ಟು ಚಿಕ್ಕ ಮಾತಿನಲ್ಲಿ ಅವರ ಕೈ ಎರಡು ಕಡೆ ಎಡವಿತು. ಅವರ ಕೈ ಎಡವಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೆ ಅಳು ಬಂತು. ಎದುರಿಗೆ ಮಲ್ಲಣ್ಣ ನಿಂತಿದ್ದ.

ಸಾಹೇಬರು ಆಗಿಂದಾಗಲೇ ತಿದ್ದುಪಡಿಯ ತಾರು ಕಳಿಸಿದರು, ಮಲ್ಲಣ್ಣ ಅಲ್ಲ ಮಲ್ಲಮ್ಮ ಎಂದು. ಅದು ತಲುಪದೆ ತಿರುಗಿ ಬಂತು. ವಿಳಾಸದಾರ ಆ ಮನೆಯಲ್ಲಿ ಇಲ್ಲ, ಬಿಟ್ಟು ಹೋಗಿದ್ದಾನೆ ಎಂದು ಉತ್ತರ.

ಇಲ್ಲಿ ಸ್ವಲ್ಪ ನಿಂತು ಸುನೀತಾಳ ಪ್ರಶ್ನೆಗೆ ನನಗೆ ತಿಳಿದ ಉತ್ತರ ಹೇಳಿಬಿಡುತ್ತೇನೆ. ಅವಳೇ ನನಗೆ ಬಿಡಿಸಿ ಹೇಳಿದ 'ಸೈನ್ಸ್' ಇದು. ಬೆಳಕಿನ ಒಂದು ಕಣದ ಸ್ಥಿತಿಯನ್ನು ಇಲ್ಲಿಂದ ಅಲ್ಲಿಗೆ ದಾಟಿಸುವುದು ಆಗಿದೆಯಂತೆ. ಕಣ ಹೋಗುವುದಿಲ್ಲ, ಅದರ ಸ್ಥಿತಿ ಮಾತ್ರ ಅಲ್ಲಿಯ ಇನ್ನೊಂದು ಕಣದಲ್ಲಿ ಮೂಡುತ್ತದಂತೆ. ಗಫೂರ್ ಸಾಹೇಬರು ಹೇಳಿದ್ದೂ ಇದನ್ನೇ. ಆದರೆ ಇಲ್ಲಿಯ ಮೂಲದ ಸ್ಥಿತಿ ಅಳಿದೇ ಅಳಿಯುತ್ತದಂತೆ, ನಮ್ಮ ಹಾಗೆ ಮೊಳೆಗೆ ಚುಚ್ಚಿ ಇಟ್ಟುಕೊಳ್ಳುವಂತಿಲ್ಲ. ಅಷ್ಟಾದರೂ ಜೊತೆಗೆ ಒಂದು ಸಾದಾ ಸಂದೇಶ ಹೋಗಿ ಮುಟ್ಟುವ ತನಕ ಕೆಲಸ ಪೂರ್ತಿಯಾಗುವುದಿಲ್ಲವಂತೆ. ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ವಿಜ್ಞಾನ ಎಷ್ಟೇ ಮುಂದೆ ಹೋದರೂ ನಡುವೆ ಒಬ್ಬ ತಾರ್ ಬಾಬು ಬೇಕೇ ಬೇಕು!

ಕಣದ ಮಾತು ಹಾಗಾಯಿತು. ಮನುಷ್ಯನ ಮೈಯಲ್ಲಿ ಅಂಥವು ಎಷ್ಟು ಎಂದರೆ, ಅಷ್ಟನ್ನೂ ಅಳೆದು ವಿವರ ಬರೆಯುವುದೇ ಯಾರಿಂದಲೂ ಆಗದ ಮಾತು. ಬರೆದರೂ ಕಳಿಸುವಷ್ಟರಲ್ಲಿ ಕಾಲವೇ ಮುಗಿದು ಹೋದೀತು. ಇದೆಲ್ಲ ಸಾಧಿಸಿದರೆನ್ನಿ. ಇಷ್ಟು ದೊಡ್ಡ ತಾರನ್ನು ಒಂದೂ ತಪ್ಪಿಲ್ಲದೆ ದಾಟಿಸಬೇಕು. ಬಡಿದ ನಾಲ್ಕು ಕಡಗಳಲ್ಲಿ ಎರಡು ಕಟ್ ಆಗಿಬಿಟ್ಟರೆ ಹೆಣ್ಣು ಹೋಗಿ ಗಂಡಾಗುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಮನುಷ್ಯನನ್ನು ಹೀಗೆ ಕಳಿಸುವುದು ಆಗಲಾರದು ಎಂದೇ ನನ್ನ ಅಂದಾಜು. ಎಂದೆಂದಿಗೂ ಆಗದು ಎಂದು ಬರೆದು ಸಹಿ ಹಾಕಲು ಮಾತ್ರ ತಯಾರಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಯಾರಾದರೂ ಸುನೀತಾಳ ಕೈಯಲ್ಲಿರುವ ಫೋನಿನ ವಿಷಯ ಹೇಳಿದ್ದರೆ ಅವನನ್ನು ಮಂತ್ರ ಹಾಕಿಸಲು ಕರೆದೊಯ್ಯುತ್ತಿದ್ದರು.

ಮತ್ತೆ ಕತೆಗೆ ಬರೋಣ. ತಿದ್ದುಪಡಿಯ ತಾರು ತಿರುಗಿ ಬಂದದ್ದೇ ಗಫೂರ್ ಸಾಹೇಬರು ರಜೆ ಹಾಕಿದರು. ತಾನೇ ಮುಂಬಯಿಗೆ ಹೋಗಿ ಆ ಹುಡುಗಿಯನ್ನು ಹುಡುಕುತ್ತೇನೆ ಎಂದರು. ಅವಳ ಗುರುತು ಹೇಳಲು ನಾನೂ ವಾಡಿಗೆ ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಶೇರ್ವಾನಿ ತೊಟ್ಟು ಕುಳಿತಿದ್ದರು. ಪಕ್ಕದಲ್ಲಿ ಟ್ರಂಕು. ಅವರ ಮುಖ ಇಳಿದುಹೋಗಿತ್ತು.

"ಶರಣೂ, ಇಷ್ಟು ವರ್ಷ ಬಂದಿದ್ದು ಬಂದಂಗ ದಾಟಿಸೀನಿ. ಒಂದೇ ಸಲ ಶಾಣ್ಯಾತನ ಮಾಡ್ದೆ. ಆ ಹುಡುಗಿಗಿ ಏನರ ಆಗಿದ್ರ ನಾ ಅಲ್ಲಾಗ ಏನು ಜವಾಬು ಕೊಡ್ಲಿ?"

ನಾನು ಎದ್ದು ಹೋಗಿ ಚಹಾ ಕೊಂಡು ತರುತ್ತಿದ್ದೆ. ಆಗ ಮುಂಬಯಿಯಿಂದ ಬರುವ ಗಾಡಿ ಬಂದು ನಿಂತಿತು. ಇಳಿಯುವವರ ಗದ್ದಲದಲ್ಲಿ ಮೊದಲು ನನಗೆ ಕಂಡದ್ದು ಇಳಕಲ್ಲ ಸೀರೆಯ ಸೆರಗು. ಮಲ್ಲಮ್ಮ ಮೊದಲು ಗಂಟು ಇಳಿಸಿದಳು, ಆಮೇಲೆ ತಾನು ಇಳಿದು, ತಿರುಗಿ ಎರಡೂ ಕೈ ಮೇಲೆ ಚಾಚಿದಳು. ಬಾಗಿಲಲ್ಲಿ ಒಬ್ಬ ಸಣಕಲು ಗಂಡಸು ಕೋಲು ಊರಿಕೊಂಡು ನಿಂತಿದ್ದ. ಅವಳ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಳಿದ.

ನಾನು ಚಹಾದ ಕಪ್ಪು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. "ಸಾಹೇಬ್ರ, ಮಲ್ಲಮ್ಮ!" ಎಂದು ಕೂಗಿದೆ. ಗಫೂರ್ ಸಾಹೇಬರು ಎದ್ದು ಬಂದು, ಎಂದೂ ನೋಡಿರದ ಆ ಹುಡುಗಿಯೆದುರು ಕೈಮುಗಿದು ನಿಂತರು.

"ತಂಗೀ, ನಿನ್ನ ತಾರಿನ್ಯಾಗ ಗಂಡಸ ಮಾಡಿ ಕಳಿಸಿದಾಂವ ನಾನೇ. ಮಾಫ್ ಮಾಡವ್ವ."

ಅವಳಿಗೆ ತಿಳಿಯಲಿಲ್ಲ. ನಾನು ವಿವರಿಸಿದೆ. ಅವಳು ಏನಾದರೂ ಹೇಳುವ ಮೊದಲು ಭೀಮಶಾ ಮಾತಾಡಿದ.

"ಸಾಹೇಬ್ರ, ನೀವು ಕೈ ಮುಗೀಬ್ಯಾಡ್ರಿ. ಮೂಟಿ ಬಿದ್ದು ಟೊಂಕಾ ಹೋಗ್ಯದ ನಂದು. ಹೋಟೆಲಿನ್ಯಾಗ ಕಪ್ಪ ತೊಳಕೋತ ಇದ್ದೆ. ಕಾಗದಾ ಬರೆಸಿದ್ರ ಬರಿಯಾಂವ ಎಲ್ಲಾ ಕೇಳ್ತಾನ, ಅದಕ್ಕ ತಾರು ಹೊಡೀತಿದ್ದೆ. ಮಲ್ಲಮ್ಮ ಬರ್ತಾಳ ಅಂತ ಬಂದಿದ್ರ ಈ ಮುಖಾ ಹೊತಗೊಂಡು ಸ್ಟೇಶನ್ನಿಗಿ ಹೋಗ್ತಿರ್ಲಿಲ್ಲ, ಊರು ಬಿಟ್ಟು ಓಡಿ ಹೋಗ್ತಿದ್ದೆ. ಅಣ್ಣ ಬರ್ತಾನ ಅಂತ ಬಂತು. ಅಣ್ಣ ಬಂದ್ರ ಹೋಗ್ಲಾರದೆ ಇರ್ಲಿಕ್ಕ ಆಗ್ತದೇನ್ರಿ? ಚಂದಿದೀನಿ ಅಂತ ಎದುರಿಗಿ ಒಮ್ಮಿ ತೋರ್ಸಿ, ಅದೇ ಗಾಡಿಗಿ ಕಳಸಿ ಬಿಡಬೇಕಂತ ಮಾಡಿದ್ದೆ."

ಗಫೂರ್ ಸಾಹೇಬರು ಮಲ್ಲಮ್ಮನ ಕಡೆ ತಿರುಗಿದರು. "ಅಂವ ಗಂಡಸನ್ನ ಹುಡುಕ್ಲಕತ್ತಿದ್ದ. ಅಷ್ಟು ಮಂದಿದಾಗ ನೀ ಅವನ್ನ ಹೆಂಗ ಹಿಡದಿ ತಂಗಿ?"

ಮಲ್ಲಮ್ಮ ಗಂಡನ ಮುಖ ನೋಡಲಿಲ್ಲ. ಅವನ ತೋಳಿನ ಮೇಲಿದ್ದ ತನ್ನ ಕೈಯನ್ನೂ ತೆಗೆಯಲಿಲ್ಲ.

"ಕಂಬದ ಬಾಜೂಕ ಕುಂತು ನೋಡಿದ್ನಿರಿ. ಕೋಲು ಕಂಬಕ್ಕ ಆನಿಸಿಟ್ಟು, ಎದಿ ಸೆಟಸಿ, ಹಲ್ಲು ಕಚ್ಚಿ ಅಡ್ಡಾಡ್ಲಕತ್ತಿದ್ದ. ತಾರಿನ್ಯಾಗ ಚಂದಿದೀನಿ ಅಂತ ಬರ್ತಿದ್ನಲ್ರಿ, ಅಂವ ಇವನೇ ಅಂತ ತಿಳೀತು. ಅವನ್ನ ಅಲ್ಲೇ ಬಿಟ್ಟೆ. ಕೋಲು ಒಯ್ದು ಕೈಯಾಗ ಕೊಟ್ಟು ನನ್ನ ಗಂಡನ್ನ ಕರಕೊಂಡು ಬಂದೆ."

ಚಿತ್ತಾಪುರದ ಗಾಡಿ ಆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ನಿಂತಿತ್ತು. ನಾನು ಗಂಟು ಎತ್ತಿಕೊಂಡೆ, ಸಾಹೇಬರು ತಮ್ಮ ಟ್ರಂಕನ್ನು ಅಲ್ಲೇ ಬಿಟ್ಟು ಭೀಮಶಾನ ಇನ್ನೊಂದು ತೋಳು ಹಿಡಿದರು. ಅವನ ನಡಿಗೆ ಎಷ್ಟೋ ಅಷ್ಟೇ ನಿಧಾನವಾಗಿ ನಾವು ನಾಲ್ವರೂ ನಡೆದೆವು. ಗಾರ್ಡ್ ಸೀಟಿ ಊದಿದ. ಗಫೂರ್ ಸಾಹೇಬರು ಒಂದು ಕೈ ಎತ್ತಿ, ಪದ ಖರ್ಚಾಗುವುದನ್ನು ಲೆಕ್ಕಿಸದೆ, ಇಡೀ ವಾಡಿ ಸ್ಟೇಷನ್ನಿಗೆ ಕೇಳುವಂತೆ ಕೂಗಿದರು.

"ಜರಾ ನಿಂದರ್ಸಪ್ಪಾ, ಮನಷ್ಯಾರು ಬರ್ಲಕತ್ತಾರ!"